ಮೊದಲು ಏನಾಗಿತ್ತು ಅದಕ್ಕೆ?

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಪ್ಪಯ್ಯನ ಫೋನು. ಆ ಹೊತ್ತಿಗೆ ಫೋನ್ ಮಾಡುವವರಲ್ಲ ಅವರು. ಎಂಟೂವರೆಗೆ ಅಂಗಳದ ಮಳೆ ಮಾಪಕ ನೋಡಿ, ಅಳತೆ ಬರೆದು ತೋಟಕ್ಕೆ ಇಳಿದರೆ ಹನ್ನೊಂದರವರೆಗೆ ಯಾರ ಕೈಗೂ ಸಿಗುವುದಿಲ್ಲ.

"ಎಂತ ಮಾಡಿದ್ಯೋ ಮಾರಾಯ? ಎಲ್ಲಾ ಎರಡು ಮೂರು ಅಂತ ಬರ್ತಾ ಇದೆ."

ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಕೂತು ಅವರು ದಿನಾ ಮಳೆ ಲೆಕ್ಕ ಬರೆದಿಡುವ ವೆಬ್‌ಸೈಟನ್ನು ಹೊಸ ಸರ್ವರಿಗೆ ಸಾಗಿಸಿದ್ದೆ. ಸೈಟು ಓಡುವ ಪ್ರೋಗ್ರಾಮ್ ಭಾಷೆ ಪಿಎಚ್‌ಪಿ, ಅದರ ಹಳೇ 7.4 ಇನ್ನು ನಡೆಯಲ್ಲ ಅಂತ ಸರ್ವರ್ ಬಾಡಿಗೆಗೆ ಕೊಟ್ಟವರು ಮೂರು ಸಲ ಮೇಲ್ ಹಾಕಿದ್ದರು. ಅದಕ್ಕೆ ಭದ್ರತೆಯ ತೇಪೆ ಬರುವುದು 2022ರಲ್ಲೇ ನಿಂತಿದೆ, ಅವರು ಹೇಳಿದ್ದು ಸರಿಯೇ. ಹೇಗೂ ಕೈ ಹಾಕಿದ್ದೇನೆ ಅಂತ ಎಲ್ಲ ಹೊಸದು ಮಾಡಿದೆ. ಸೈಟು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಹೊಸದು, ಹೊಸ ಥೀಮ್, ಅಕ್ಷರ ದೊಡ್ಡದು ಮಾಡುವ ಬಟನ್, ಡಾರ್ಕ್ ಮೋಡ್, ವರ್ಷವಿಡೀ ಸುರಿದ ಮಳೆಯ ಗ್ರಾಫ್. ಮುಖಪುಟ ನೋಡಿ ನನಗೇ ಹೆಮ್ಮೆಯಾಗಿ ಮಲಗಿದ್ದೆ. ಅದರಲ್ಲಿದ್ದ ಕನ್ನಡವೆಲ್ಲ ನಾನು ಆಗಷ್ಟೇ ಟೈಪ್ ಮಾಡಿದ್ದು, ಗ್ರಾಫಿನಲ್ಲಿದ್ದದ್ದು ಬರೀ ಅಂಕಿ. ಒಳಗಿನ ಒಂದು ಪುಟವನ್ನೂ ತೆರೆದು ನೋಡಿರಲಿಲ್ಲ.

ತೆರೆದೆ. ಅಪ್ಪಯ್ಯ ಹೇಳಿದ್ದು ಅಕ್ಷರಶಃ ನಿಜ. ತಲೆಯ ಮೇಲೆ ಪುಟ್ಟ ಗೀರು ಎಳೆದ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಹತ್ತಿ ಕೂತ ಸಣ್ಣ ಎರಡು, ಆಮೇಲೆ ಏನೋ ಒಂದು ಚುಕ್ಕಿ. ಮತ್ತೆ ಎ, ಮತ್ತೆ ಎರಡು. ನಡುವೆ ಎಲ್ಲೋ ಒಂದು ಮೂರು. 2006ರಿಂದ ಬರೆದ ನಾಲ್ಕು ಸಾವಿರಕ್ಕೂ ಜಾಸ್ತಿ ಟಿಪ್ಪಣಿಗಳು, ಎಲ್ಲವೂ ಹೀಗೇ.

"ಒತ್ತಕ್ಷರ ಇದ್ದಲ್ಲೆಲ್ಲ ಮೂರು ಬರ್ತದೆ, ಗಮನಿಸಿದ್ಯಾ?" ಅಂದರು. ಮೇಷ್ಟ್ರಾಗಿದ್ದವರು, ತಪ್ಪಿನಲ್ಲೂ ಕ್ರಮ ಹುಡುಕುತ್ತಾರೆ. ಅದೂ ನಿಜವೇ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡನ್ನು ವೆಬ್‌ನಲ್ಲಿ ಬರೆಯುವ ಕ್ರಮದಲ್ಲಿ (ಯುಟಿಎಫ್-8) ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್ ಜಾಗ ಬೇಕು. ಅದನ್ನು ಕನ್ನಡ ಅಂತ ಗೊತ್ತಿಲ್ಲದವನು ಒಂದೊಂದೇ ಬೈಟ್ ಬಿಡಿಸಿ ಓದಿದರೆ ಮೊದಲನೆಯದು ಗೀರಿನ ಎ, ಎರಡನೆಯದು ಸಣ್ಣ ಎರಡು ಅಥವಾ ಮೂರು. ಸ್ವರ, ವ್ಯಂಜನಗಳಿಗೆ ಎರಡು. ಒತ್ತು, ಉಕಾರಗಳಿಗೆ ಮೂರು. 'ಕನ್ನಡ' ಅಂದರೆ ಎರಡು, ಎರಡು, ಮೂರು, ಎರಡು, ಎರಡು.

"ಸರಿ ಮಾಡ್ತೀನಿ ಅಪ್ಪಯ್ಯ. ಅಪ್‌ಗ್ರೇಡ್ ಮಾಡುವಾಗ ಹೀಗಾಗತ್ತೆ."

"ಮೊದಲು ಏನಾಗಿತ್ತು ಅದಕ್ಕೆ?"

ಬೈದದ್ದಲ್ಲ. ದನಕ್ಕೆ ಯಾಕೆ ಔಷಧಿ ಹಾಕಿದ್ರಿ ಅಂತ ಕೇಳುವ ಧಾಟಿ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಸೇಫ್ ಇರಲಿಲ್ಲ" ಅಂದೆ. "ನಮ್ಮ ಮಳೆ ಲೆಕ್ಕ ಯಾರು ಕದಿತಾರೆ?" ಅಂತ ಕೇಳಿ ಫೋನ್ ಇಟ್ಟರು.

ಭಾವನಿಗೆ ಫೋನ್ ಮಾಡಿದೆ. ಅವರು ಐಟಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ಡಾರ್ಕ್ ಮೋಡ್ ಬೇಕೇ ಬೇಕು ಅಂತ ಹಟ ಹಿಡಿದವರೂ ಅವರೇ. "ಹಳೇದೆಲ್ಲ ಯಾರು ಓದ್ತಾರೆ? ಇವತ್ತಿಂದ ಹೊಸದಾಗಿ ಶುರು ಮಾಡಿ" ಅಂದರು. ಒಳ್ಳೇ ಮನುಷ್ಯ. ಆದರೆ ಇಂಥವರ ಕೈಗೆ ಮನೆಯ ಅಟ್ಟದ ಬೀಗದ ಕೀ ಕೊಡಬಾರದು. ಸರ್ವರಿನವರ ಸಹಾಯವಾಣಿಯ ಹುಡುಗ, ಪಾಪ, ಮೂರು ಸಲವೂ "ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ಸರ್" ಅಂತಲೇ ಹೇಳಿದ.

ಸಂಜೆ ಹೊತ್ತಿಗೆ ಗೊತ್ತಾಯಿತು. ನಾನು ಈ ಸೈಟ್ ಶುರು ಮಾಡಿದಾಗ ವರ್ಡ್‌ಪ್ರೆಸ್ಸಿನ 2.0 ನಡೆಯುತ್ತಿತ್ತು. ಟಿಪ್ಪಣಿಗಳನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸಿನ ಜೊತೆ ಯಾವ ಲಿಪಿಯ ಲೆಕ್ಕದಲ್ಲಿ ಮಾತಾಡಬೇಕು ಅಂತ ಹೇಳುವ ಸಾಲು ಆಗ ಅದರ ಸೆಟ್ಟಿಂಗ್ ಬರೆದಿಡುವ ಕಾನ್ಫಿಗ್ ಫೈಲಿನಲ್ಲಿ ಇರಲೇ ಇಲ್ಲ. ಅದು ಬಂದದ್ದು 2007ರಲ್ಲಿ. ಆಮೇಲೆ ತಂತ್ರಾಂಶ ಎಷ್ಟೋ ಸಲ ಹೊಸದಾಯಿತು, ಕಾನ್ಫಿಗ್ ಫೈಲ್ ಮಾತ್ರ ನನ್ನ ಹಳೇದೇ ಉಳಿಯಿತು. ಇನ್ನು ಡೇಟಾಬೇಸು, ಮೈಎಸ್‌ಕ್ಯೂಎಲ್. ಸ್ವೀಡನ್ನಿನಲ್ಲಿ ಹುಟ್ಟಿದ್ದು. 2018ರಲ್ಲಿ 8.0 ಬರುವವರೆಗೂ ನಾವು ಬೇರೆ ಏನೂ ಹೇಳದಿದ್ದರೆ ಅದು ಎಲ್ಲವನ್ನೂ ಲ್ಯಾಟಿನ್ ಲಿಪಿ ಅಂದುಕೊಂಡು, ಸ್ವೀಡಿಶ್ ಅಕಾರಾದಿಯಲ್ಲಿ ಜೋಡಿಸಿಡುತ್ತಿತ್ತು. ತೀರ್ಥಹಳ್ಳಿ ತಾಲೂಕಿನ ಆರಿದ್ರಾ ಮಳೆ ಇಷ್ಟು ವರ್ಷ ಸ್ವೀಡಿಶ್ ಲೆಕ್ಕದಲ್ಲಿ ಬಿದ್ದಿತ್ತು.

ಹಾಗಿದ್ದರೆ ಇಷ್ಟು ದಿನ ಕನ್ನಡ ಸರಿಯಾಗಿ ಕಾಣುತ್ತಿದ್ದದ್ದು ಹೇಗೆ? ವರ್ಡ್‌ಪ್ರೆಸ್ ಕನ್ನಡವನ್ನು ಕೊಡುವಾಗ "ಇದು ಲ್ಯಾಟಿನ್" ಅನ್ನುತ್ತಿತ್ತು. ಡೇಟಾಬೇಸ್ ನಂಬಿ ಹಾಗೇ ಇಟ್ಟುಕೊಳ್ಳುತ್ತಿತ್ತು. ವಾಪಸ್ ಕೊಡುವಾಗಲೂ "ತಗೋ ನಿನ್ನ ಲ್ಯಾಟಿನ್" ಅಂತ ಬಿಚ್ಚದೆ ಕೊಡುತ್ತಿತ್ತು. ಇಬ್ಬರೂ ಒಂದೇ ಸುಳ್ಳು ಹೇಳುತ್ತಿದ್ದರು, ಸಂಸಾರ ಸರಿಯಾಗಿ ನಡೆದಿತ್ತು. ನಾನು ನಡುವೆ ಹೋಗಿ, ಆ ಸಾಲಿರುವ ಹೊಸ ಕಾನ್ಫಿಗ್ ಫೈಲ್ ಹಾಕಿ, ಒಬ್ಬರಿಗೆ ಮಾತ್ರ ನಿಜ ಹೇಳಲು ಕಲಿಸಿದೆ.

ಮೊದಲು ಏನಾಗಿತ್ತು ಅದಕ್ಕೆ? ಎರಡು ತಪ್ಪು ಸೇರಿ ಸರಿಯಾಗಿತ್ತು. ಇದನ್ನು ಅಪ್ಪಯ್ಯನಿಗೆ ಹೇಳೋಣ ಅಂದುಕೊಂಡೆ, ಹೇಳಲಿಲ್ಲ. ನಮ್ಮ ಮನೆಯಲ್ಲೂ ಹೀಗೆ ನಡೆದುಕೊಂಡು ಬಂದದ್ದು ಬೇಕಾದಷ್ಟಿವೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಅಂತ ಅಪ್ಪಯ್ಯ ಸಿಹಿ ತಿನ್ನುವುದೇ ಇಲ್ಲ, ತನಗೆ ಇಷ್ಟವಿಲ್ಲ ಅನ್ನುತ್ತಾರೆ. ಅಮ್ಮನೂ ನಂಬಿದವಳ ಹಾಗೆ ಹಬ್ಬಕ್ಕೆ ಪಾಯಸ ಮಾಡುವುದನ್ನೇ ಬಿಟ್ಟಿದ್ದಾಳೆ. ಅದಕ್ಕೆ ಯಾರಾದರೂ ಅಪ್‌ಗ್ರೇಡ್ ಮಾಡಲು ಹೋದರೆ ಗೀರಿನ ಎ, ಎರಡು, ಮೂರು ಉದುರುವುದು ಖಂಡಿತ.

ಸರಿ ಮಾಡುವ ದಾರಿಯೂ ತಮಾಷೆಯದೇ. ಡೇಟಾಬೇಸಿಗೆ ನೇರವಾಗಿ "ಇದನ್ನು ಯೂನಿಕೋಡ್ ಮಾಡು" ಅಂದರೆ ಅದು ಆ ಎ, ಎರಡು, ಮೂರುಗಳನ್ನೇ ನಿಷ್ಠೆಯಿಂದ ಯೂನಿಕೋಡ್ ಮಾಡಿ ಕಾಯಂ ಮಾಡಿಬಿಡುತ್ತದೆ. ಅದಕ್ಕೇ ಮೊದಲು "ಇದು ಯಾವ ಭಾಷೆಯ ಅಕ್ಷರವೂ ಅಲ್ಲ, ಸುಮ್ನೆ ಒಂದು ಗಂಟು" ಅಂತ ಹೇಳಬೇಕು. ಇದ್ದದ್ದನ್ನು ಮುಟ್ಟದೆ ಅದು ಒಪ್ಪಿಕೊಳ್ಳುತ್ತದೆ. ಆಮೇಲೆ "ಈ ಗಂಟಿನಲ್ಲಿರುವುದು ಯೂನಿಕೋಡ್" ಅನ್ನಬೇಕು. ಬ್ಯಾಕಪ್ಪಿನ ನಕಲಿನ ಮೇಲೆ ಎರಡು ಸಲ ಅಭ್ಯಾಸ ಮಾಡಿ, ಭಾನುವಾರ ಮಧ್ಯಾಹ್ನ ಅಸಲಿಗೆ ಕೈ ಹಾಕಿದೆ. ಪುಟ ತೆರೆದಾಗ ಮೊದಲು ಕಂಡದ್ದು 2009ರ ಒಂದು ಸಾಲು: 'ಕೊಳೆ ಔಷಧಿ ಹೊಡೆಯಲು ಬಿಡುವೇ ಕೊಡುತ್ತಿಲ್ಲ.' ಅಡಿಕೆಯ ಕೊಳೆರೋಗದ ಸುದ್ದಿ ಓದಿ ಖುಷಿಪಟ್ಟ ಮೊದಲ ಮಲೆನಾಡಿಗ ನಾನೇ ಇರಬೇಕು.

ಫೋನ್ ಮಾಡಿ ನೋಡಲು ಹೇಳಿದೆ. ಹತ್ತು ನಿಮಿಷ ನೋಡಿದರು.

"ಅಕ್ಷರ ಬಂತು. ಈ ಗೆರೆ ಎಂತದು?"

"ಗ್ರಾಫ್ ಅಪ್ಪಯ್ಯ. ಯಾವ ತಿಂಗಳು ಎಷ್ಟು ಮಳೆ ಅಂತ."

"ತಿಂಗಳ ಲೆಕ್ಕದಲ್ಲಿ ಮಳೆ ಯಾರು ನೋಡ್ತಾರೆ?"

ಇದನ್ನು ಅವರು ಹತ್ತು ವರ್ಷದಿಂದ ಹೇಳುತ್ತಿದ್ದಾರೆ. ಆರಿದ್ರಾ ಎಷ್ಟು, ಪುನರ್ವಸು ಎಷ್ಟು, ಪುಷ್ಯ ಎಷ್ಟು ಅಂತ ಬೇಕು. ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರೋ ಹದಿನಾಲ್ಕೋ ದಿನ. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಅಂತ ಗಾದೆ ಇರುವ ಊರಿನಲ್ಲಿ ಜೂನ್, ಜುಲೈ ಕಟ್ಟಿಕೊಂಡು ಏನು ಮಾಡಬೇಕು? ಯಾರೂ ಕೇಳದ ಬಟನ್ ಹಾಕಿದ್ದೆ, ಅವರು ಕೇಳಿದ್ದನ್ನು ಬಿಟ್ಟಿದ್ದೆ. ಕೂತು ಮಾಡಿದರೆ ಅರ್ಧ ಗಂಟೆಯ ಕೆಲಸ. ಅವತ್ತೇ ರಾತ್ರಿ ಮಾಡಿದೆ.

ಆಗ ಇನ್ನೊಂದು ಕಣ್ಣಿಗೆ ಬಿತ್ತು ಅವರಿಗೆ. 2014ರ ಪುಷ್ಯ ಮಳೆಯಲ್ಲಿ ಗೆರೆ ದಬಕ್ಕನೆ ನೆಲಕ್ಕೆ ಬಿದ್ದು, ಹನ್ನೊಂದು ದಿನ ಅಲ್ಲೇ ಮಲಗಿ, ಮತ್ತೆ ಎದ್ದಿತ್ತು.

"ಪುಷ್ಯದಲ್ಲಿ ಸೊನ್ನೆ? ನೋಡಿದವರು ನಗ್ತಾರೆ."

"ಆ ದಿನಗಳ ಅಳತೆ ಇಲ್ಲ ಅಪ್ಪಯ್ಯ. ನೀವು ಬರೆದಿಲ್ಲ."

"ನಿನ್ನ ಅಮ್ಮನ ಆಪರೇಶನ್. ಮಂಗಳೂರಲ್ಲಿ ಇದ್ವಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬರೀಲಿಲ್ಲ ಅಂದ್ರೆ ಬರಲಿಲ್ಲ ಅಂತ ಅಲ್ಲ ಮಾರಾಯ."

ಖಾಲಿ ಇದ್ದದ್ದನ್ನು ಗ್ರಾಫು ಸೊನ್ನೆ ಅಂತ ಓದಿತ್ತು. ಒಂದು ಸೆಟ್ಟಿಂಗ್ ಬದಲಿಸಿದೆ. ಈಗ ಗೆರೆ ಅಲ್ಲಿ ಬೀಳುವುದಿಲ್ಲ, ತುಂಡಾಗುತ್ತದೆ. ಹನ್ನೊಂದು ದಿನದ ಬಿಳಿ ಜಾಗ, ಆಮೇಲೆ ಆಶ್ಲೇಷಾ.

ಸೋಮವಾರ ಎಂಟೂವರೆ ದಾಟಿ ಐದು ನಿಮಿಷಕ್ಕೆ ಹೊಸ ಟಿಪ್ಪಣಿ ಬಂತು. 42 ಮಿಲಿಮೀಟರ್. 'ರಾತ್ರಿಯಿಡೀ ಗಾಳಿ. ಬಸಳೆ ಚಪ್ಪರ ಮುರಿಯಿತು.' ಹಿಂದೆಯೇ ನನ್ನ ಫೋನಿಗೆ ಒಂದು ಸಂದೇಶ: 'ಆ ಕಪ್ಪು ಮಾಡುವ ಬಟನ್ ತೆಗಿ. ಮೊದಲೇ ಇಲ್ಲಿ ಕರೆಂಟಿಲ್ಲ.'