ಸಾವಿರ ಡಾಲರಿನ ಬೋಲ್ಟ್ ಆ್ಯಕ್ಷನ್ ರೈಫಲ್: ಕ್ಯಾಲಿಬರ್‌ನಿಂದ ಝೀರೋವರೆಗೆ

ಸಾವಿರ ಡಾಲರಿನೊಳಗೆ ಬೇಟೆಗೊಂದು ಬೋಲ್ಟ್ ಆ್ಯಕ್ಷನ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ತೋಟಾ ತುಂಬುವ ಬಂದೂಕು) ಸಜ್ಜು ಮಾಡಿದ ಕತೆ ಇದು. ಜಾಗ ಟೆಕ್ಸಸ್‌ನ ಹಿಲ್ ಕಂಟ್ರಿ. ಕಲ್ಲು, ಕುರುಚಲು, ಓಕ್ ಮರಗಳ ನಡುವೆ 200 ಗಜದಾಚೆಗೆ ಗುಂಡು ಹಾರಿಸುವ ಸಂದರ್ಭ ಅಪರೂಪ. ಬೇಟೆ ಬಿಳಿಬಾಲದ ಜಿಂಕೆ, ಕಾಡುಹಂದಿ ಮತ್ತು ಚುಕ್ಕೆ ಜಿಂಕೆ. ನಮ್ಮ ಬಂಡೀಪುರದಲ್ಲಿ ಹಿಂಡುಗಟ್ಟಿ ಮೇಯುವ ಅದೇ ಜಿಂಕೆ. 1930ರ ದಶಕದಲ್ಲಿ ಇಲ್ಲಿಗೆ ತಂದದ್ದು ಬೇಲಿ ದಾಟಿ ಬೆಳೆದುಬಿಟ್ಟಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕಾಯುತ್ತದೆ. ಟೆಕ್ಸಸ್‌ನಲ್ಲಿ ಅದು ಹೊರಗಿನಿಂದ ಬಂದ ಪ್ರಾಣಿ, ಬೇಟೆಗೆ ಋತುವಿನ ಮಿತಿಯಿಲ್ಲ. ಆದರೆ ಬೇಟೆ ಪರವಾನಗಿ, ಜಮೀನಿನವರ ಒಪ್ಪಿಗೆ ಎರಡೂ ಬೇಕು.

ಅಂಗಡಿಗೆ ಹೋಗುವ ಮೊದಲು ಕಾಗದಪತ್ರ. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು, ಇದನ್ನು ಮರೆಯಬಾರದು. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದವರು ಟೆಕ್ಸಸ್‌ನಲ್ಲಿ ಹಂಟರ್ ಎಜುಕೇಶನ್ ಎಂಬ ಬೇಟೆ ತರಬೇತಿ ಕೂಡ ಮುಗಿಸಿರಬೇಕು.

ಹಣದ ಲೆಕ್ಕ ಹೀಗೆ ಹಾಕಿದೆ: ರೈಫಲ್‌ಗೆ 500 ಡಾಲರ್, ಸ್ಕೋಪ್‌ಗೆ (ಗುರಿ ನೋಡುವ ದೂರದರ್ಶಕ) 230, ರಿಂಗ್‌ಗಳಿಗೆ (ಸ್ಕೋಪನ್ನು ಹಿಡಿದಿಡುವ ಬಳೆಗಳು) 45, ಬಿಗಿತವನ್ನು ಇಂಚು-ಪೌಂಡ್‌ನಲ್ಲಿ ತೋರಿಸುವ ಟಾರ್ಕ್ ಸ್ಕ್ರೂಡ್ರೈವರ್‌ಗೆ 50, ಉಳಿದ 175ರಲ್ಲಿ ತೋಟಾ. ಹೆಚ್ಚಿನವರು ರೈಫಲ್‌ಗೇ 800 ಸುರಿದು, 60 ಡಾಲರಿನ ಸ್ಕೋಪ್ ಕೂರಿಸಿ, ಒಂದೇ ಡಬ್ಬಿ ತೋಟಾ ಕೊಳ್ಳುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಈಗಿನ ಅಗ್ಗದ ರೈಫಲ್‌ಗಳ ನಳಿಗೆ ಚೆನ್ನಾಗಿಯೇ ಇರುತ್ತದೆ. ಗುರಿ ತಪ್ಪಿಸುವುದು ಸಡಿಲ ರಿಂಗ್, ಬಾಗುವ ಪ್ಲಾಸ್ಟಿಕ್ ಸ್ಟಾಕ್ (ನಳಿಗೆ ಕೂರುವ, ಹೆಗಲಿಗೆ ಆನಿಸುವ ಚೌಕಟ್ಟು), ಸಾಲದ ಅಭ್ಯಾಸ.

ಕ್ಯಾಲಿಬರ್

ಕ್ಯಾಲಿಬರ್ ಅಂದರೆ ನಳಿಗೆಯ ಒಳವ್ಯಾಸ; ಇಲ್ಲಿ ಅದಕ್ಕೆ ಹೊಂದುವ ತೋಟಾದ ಬಗೆ. ಪಟ್ಟಿಯಲ್ಲಿ ಉಳಿದದ್ದು ಮೂರು: .243 ವಿಂಚೆಸ್ಟರ್, 6.5 ಕ್ರೀಡ್‌ಮೂರ್, .308 ವಿಂಚೆಸ್ಟರ್. ಮೂರೂ ಬೋಲ್ಟ್ ಓಡಾಡುವ ಯಂತ್ರಭಾಗದ ಗಿಡ್ಡ ಮಾದರಿಗೆ, ಅಂದರೆ ಶಾರ್ಟ್ ಆ್ಯಕ್ಷನ್‌ಗೆ ಹೊಂದುವಂಥವು. 1906ರ .30-06 ಇವತ್ತಿಗೂ ಗಟ್ಟಿಯೇ, ಆದರೆ ಅದಕ್ಕೆ ಉದ್ದನೆಯ ಆ್ಯಕ್ಷನ್ ಬೇಕು, ಒದೆತವೂ ಜಾಸ್ತಿ. ನೀಲಗಾಯಿ ಬೇಟೆ ಈ ಯೋಜನೆಯಲ್ಲಿಲ್ಲ. ಅದಕ್ಕೆ ಇನ್ನೂ ದೊಡ್ಡ ತೋಟಾ ಬೇಕು.

.308 ಬಂದದ್ದು 1952ರಲ್ಲಿ. ಅದರ ಕೇಸಿನ ಕುತ್ತಿಗೆಯನ್ನೇ ಕಿರಿದು ಮಾಡಿ 1955ರಲ್ಲಿ .243 ತಂದರು. 6.5 ಕ್ರೀಡ್‌ಮೂರ್ 2007ರದ್ದು. ಕಾರ್ಖಾನೆಯ ತೋಟಾದಲ್ಲಿ .243ರ 100 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ ಸುಮಾರು 2,950 ಅಡಿ ವೇಗದಲ್ಲಿ ಹೊರಡುತ್ತದೆ, 6.5ರ 140 ಗ್ರೇನ್ 2,700 ಅಡಿ, .308ರ 150 ಗ್ರೇನ್ 2,820 ಅಡಿ. 200 ಗಜದೊಳಗೆ ಜಿಂಕೆಗೆ ಮೂರೂ ಸಾಕು. ಹಾಗಾದರೆ ತೀರ್ಮಾನಿಸುವುದು ಯಾವುದು? ಹೆಗಲು. ಸ್ಕೋಪ್ ಸೇರಿ ಸುಮಾರು 8 ಪೌಂಡ್ ತೂಗುವ ರೈಫಲ್‌ನಲ್ಲಿ .243ರ ಒದೆತ 9-10 ಅಡಿ-ಪೌಂಡ್, 6.5ರದ್ದು ಸುಮಾರು 13, .308ರದ್ದು 16-18. ಇಪ್ಪತ್ತು ಗುಂಡು ಹಾರಿಸಿದ ಮೇಲೆ ಈ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ: ಒದೆತಕ್ಕೆ ಅಂಜಿದ ಕೈ ಕುದುರೆಯನ್ನು (ಟ್ರಿಗರ್) ಮೆಲ್ಲಗೆ ಒತ್ತುವ ಬದಲು ಜಗ್ಗುತ್ತದೆ, ಗುಂಡು ಕೆಳಕ್ಕೆ ಹೋಗುತ್ತದೆ.

.243ರಲ್ಲಿ ಒದೆತ ಕಡಿಮೆ, ಆದರೆ ದಪ್ಪ ಹೆಗಲಿನ ಗಂಡು ಹಂದಿಗೆ 140 ಗ್ರೇನ್ ಗುಂಡೇ ಹೆಚ್ಚು ಭರವಸೆ. ಹಾಗಾಗಿ 6.5 ಕ್ರೀಡ್‌ಮೂರ್. ಆಗಲೇ .308 ತೋಟಾ ಮನೆಯಲ್ಲಿ ಇರುವವರು, ಒದೆತಕ್ಕೆ ಒಗ್ಗಿದವರು .308 ಕೊಂಡರೆ ತಪ್ಪೇನಿಲ್ಲ. ನಳಿಗೆಯ ಟ್ವಿಸ್ಟ್ (ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರು) ಮಾತ್ರ ನೋಡಿಕೊಳ್ಳಿ. 6.5ಕ್ಕೆ 8 ಇಂಚಿಗೆ ಒಂದು ಸುತ್ತು ಇದ್ದರೆ 140 ಗ್ರೇನಿನ ಉದ್ದ ಗುಂಡು ಬುಗುರಿಯಂತೆ ನೆಟ್ಟಗೆ ನಿಲ್ಲುತ್ತದೆ. ಸುತ್ತು ಸಾಲದಿದ್ದರೆ ಗುಂಡು ಓಲಾಡಿ, ಕಾಗದದ ಗುರಿಯಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳು ಬೀಳುತ್ತದೆ.

ಆರಿಸಿದ್ದು ರೂಗರ್ ಅಮೆರಿಕನ್ ಪ್ರಿಡೇಟರ್. 22 ಇಂಚಿನ ನಳಿಗೆ, ಸ್ಕೋಪ್ ಕೂರಿಸುವ ರೈಲ್ ಕಾರ್ಖಾನೆಯಿಂದಲೇ ಬಂದಿದೆ, ಕುದುರೆಯ ಭಾರವನ್ನು 3ರಿಂದ 5 ಪೌಂಡ್‌ವರೆಗೆ ಹೊಂದಿಸಬಹುದು. ಇದೇ ಬೆಲೆಯಲ್ಲಿ ಸ್ಯಾವೇಜ್ ಆಕ್ಸಿಸ್ 2 ಕೂಡ ಒಳ್ಳೆಯ ಆಯ್ಕೆ.

ಸ್ಕೋಪ್

3-9x40 (3ರಿಂದ 9 ಪಟ್ಟು ಹಿಗ್ಗಿಸಿ ತೋರಿಸುವ, ಮುಂದೆ 40 ಮಿಲಿಮೀಟರ್ ಗಾಜಿರುವ ಸ್ಕೋಪ್), ಒಂದಿಂಚಿನ ಟ್ಯೂಬ್, ಕಾಲು ಎಂಒಎ ಕ್ಲಿಕ್ (ಒಂದು ಕ್ಲಿಕ್ ತಿರುಗಿಸಿದರೆ 100 ಗಜದಲ್ಲಿ ಗುಂಡು ಸುಮಾರು ಕಾಲು ಇಂಚು ಸರಿಯುತ್ತದೆ). ಇದೇ ಹಣಕ್ಕೆ 6-24 ಸ್ಕೋಪ್‌ಗಳೂ ಸಿಗುತ್ತವೆ, ಆಸೆ ಹುಟ್ಟಿಸುತ್ತವೆ. ಬೇಡ. ಆ ಬೆಲೆಗೆ 24 ಪಟ್ಟಿನಲ್ಲಿ ಕಾಣುವುದು ಮಬ್ಬು ಚಿತ್ರ, ತೂಕ ಮಾತ್ರ ಹೆಚ್ಚು. ಬೆಳಕಿನ ಲೆಕ್ಕ ಸರಳ: 40 ಮಿಲಿಮೀಟರ್ ಗಾಜನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 9ಕ್ಕೆ 4.4, 6ಕ್ಕೆ 6.7. ಮುಸ್ಸಂಜೆಯಲ್ಲಿ ನಮ್ಮ ಕಣ್ಣಿನ ಪಾಪೆ 5ರಿಂದ 7 ಮಿಲಿಮೀಟರ್ ತೆರೆದಿರುತ್ತದೆ. ಆದ್ದರಿಂದ ಜಿಂಕೆ ಹೊರಗೆ ಬರುವ ಹೊತ್ತಿಗೆ ಸ್ಕೋಪ್ 6ರಲ್ಲಿ ಇದ್ದರೆ ಚಿತ್ರ ತಿಳಿಯಾಗಿರುತ್ತದೆ.

ರೆಟಿಕಲ್ ಅಂದರೆ ಸ್ಕೋಪಿನೊಳಗೆ ಕಾಣುವ ಗುರಿಗೆರೆ. ದೂರಕ್ಕೆ ತಕ್ಕಂತೆ ಕೆಳಗೆ ಗೀಟುಗಳಿರುವ ಬಿಡಿಸಿ (BDC) ರೆಟಿಕಲ್ ಬಿಟ್ಟು ಸಾದಾ ಅಡ್ಡ-ಲಂಬ ಗೆರೆಗಳ ಡ್ಯೂಪ್ಲೆಕ್ಸ್ ತೆಗೆದುಕೊಂಡದ್ದಕ್ಕೆ ಕಾರಣವಿದೆ. ಪಟ್ಟು ಬದಲಿಸಿದರೂ ರೆಟಿಕಲ್ ಗಾತ್ರ ಬದಲಾಗದ ಸೆಕೆಂಡ್ ಫೋಕಲ್ ಪ್ಲೇನ್ ಸ್ಕೋಪ್‌ನಲ್ಲಿ ಆ ಗೀಟುಗಳ ಅಳತೆ ಸಾಮಾನ್ಯವಾಗಿ ಪೂರ್ತಿ ಪಟ್ಟಿನಲ್ಲಿ ಮಾತ್ರ ಸರಿ. 9ಕ್ಕೆ ಮಾಡಿದ ಗೀಟನ್ನು 4ರಲ್ಲಿ ಬಳಸಿದರೆ ಗುಂಡು ಮೇಲೆ ಹಾರುತ್ತದೆ. ಗಡಿಬಿಡಿಯಲ್ಲಿ ಇದು ನೆನಪಿರುವುದಿಲ್ಲ.

ಕೂರಿಸುವ ಕೆಲಸ

ಮೊದಲು ರೈಫಲ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡು ಬೋಲ್ಟ್ ಹೊರತೆಗೆಯಬೇಕು. ರೈಲಿನ ಸ್ಕ್ರೂಗಳನ್ನು ಕಾರ್ಖಾನೆ ಕೂರಿಸಿದೆ ಎಂದು ನಂಬಿ ಬಿಡಬೇಡಿ. ಬಿಚ್ಚಿ, ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ, ಒಂದೊಂದು ಹನಿ ನೀಲಿ ಥ್ರೆಡ್‌ಲಾಕರ್ ಹಾಕಿ 20 ಇಂಚು-ಪೌಂಡ್‌ಗೆ ಬಿಗಿ ಮಾಡಿದೆ. ರಿಂಗಿನ ಮೇಲ್ಭಾಗದ ಸ್ಕ್ರೂಗಳಿಗೆ 15ರಿಂದ 18 ಸಾಕು, ಥ್ರೆಡ್‌ಲಾಕರ್ ಬೇಡ: ಅದು ಎಣ್ಣೆಯಂತೆ ಜಾರುವುದರಿಂದ ಅದೇ ಅಂಕಿಗೆ ಸ್ಕ್ರೂ ಹೆಚ್ಚು ಬಿಗಿಯಾಗಿ ಟ್ಯೂಬನ್ನು ಹಿಸುಕುತ್ತದೆ. ಕರ್ಣದ ಕ್ರಮದಲ್ಲಿ, ಒಂದೊಂದಕ್ಕೆ ಕಾಲು ಸುತ್ತು ಕೊಡುತ್ತಾ, ಎರಡೂ ಕಡೆ ಸಂದು ಸಮನಾಗಿರುವಂತೆ ತಿರುಗಿಸಬೇಕು.

ಕಣ್ಣಿಗೂ ಸ್ಕೋಪಿಗೂ ಮೂರೂವರೆಯಿಂದ ನಾಲ್ಕು ಇಂಚು ಅಂತರ ಇರಲಿ. ದಪ್ಪ ಜಾಕೆಟ್ ಹಾಕಿಕೊಂಡೇ ಅಳೆಯಿರಿ. ಕಡಿಮೆಯಾದರೆ ಒದೆತಕ್ಕೆ ಸ್ಕೋಪಿನ ಅಂಚು ಹುಬ್ಬನ್ನು ಕತ್ತರಿಸುತ್ತದೆ. ನೆಟ್ಟಗಿದೆಯೇ ಎಂದು ನೋಡಲು ರೈಲ್ ಮೇಲೆ ರಸಮಟ್ಟ ಇಟ್ಟು, 25 ಗಜದಲ್ಲಿ ತೂಗುಬಿಟ್ಟ ತೂಕದ ದಾರಕ್ಕೆ ರೆಟಿಕಲ್‌ನ ಲಂಬ ಗೀಟನ್ನು ಹೊಂದಿಸಿದೆ. ರೈಫಲ್ 5 ಡಿಗ್ರಿ ವಾಲಿದ್ದರೆ 300 ಗಜದಲ್ಲಿ ಗುಂಡು ಒಂದೆರಡು ಇಂಚು ಪಕ್ಕಕ್ಕೆ ಸರಿಯುತ್ತದೆ.

ರೇಂಜ್

ಹೊಸ ನಳಿಗೆಯೊಳಗಿನ ಕಾಪಿನ ಎಣ್ಣೆಯನ್ನು ಬಟ್ಟೆತುಂಡಿನಿಂದ ಒರೆಸಿದ ಮೇಲೆ ಬೋಲ್ಟ್ ತೆಗೆದು ನಳಿಗೆಯ ಒಳಗಿನಿಂದಲೇ 25 ಗಜದ ಗುರಿ ನೋಡಿ ಸ್ಕೋಪನ್ನು ಹೊಂದಿಸಬಹುದು. ಬೋಲ್ಟ್ ಆ್ಯಕ್ಷನ್‌ನ ದೊಡ್ಡ ಅನುಕೂಲ ಇದು, ಲೇಸರ್ ಬೇಕಾಗಿಲ್ಲ.

25 ಗಜದಲ್ಲಿ ಮೊದಲ ಮೂರು ಗುಂಡು 2 ಇಂಚು ಕೆಳಗೆ, 1 ಇಂಚು ಎಡಕ್ಕೆ. ಇಲ್ಲಿ ಒಂದು ಕ್ಲಿಕ್ ಅಂದರೆ ಇಂಚಿನ ಹದಿನಾರನೇ ಒಂದು ಭಾಗ. ಸ್ಕೋಪ್ ನಳಿಗೆಗಿಂತ ಒಂದೂವರೆ ಇಂಚಿಗೂ ಮೇಲಿರುವುದರಿಂದ 100 ಗಜದ ಝೀರೋಗೆ (ಆ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆಗೆ) 25ರಲ್ಲಿ ಗುಂಡು ಮುಕ್ಕಾಲು ಇಂಚು ಕೆಳಗೇ ಬೀಳಬೇಕು. ಹಾಗಾಗಿ ಮೇಲಕ್ಕೆ 20 ಕ್ಲಿಕ್, ಬಲಕ್ಕೆ 16. 100 ಗಜದಲ್ಲಿ ಕಂಡದ್ದು ಒಂದೂವರೆ ಇಂಚು ಮೇಲೆ, ಅರ್ಧ ಇಂಚು ಎಡಕ್ಕೆ: ಕೆಳಕ್ಕೆ 6, ಬಲಕ್ಕೆ 2.

ಆದರೆ ಗ್ರೂಪ್ (ಒಂದೇ ಗುರಿಗೆ ಹಾರಿಸಿದ ಗುಂಡುಗಳು ಚದುರಿದ ಅಳತೆ) ಎರಡೂವರೆ ಇಂಚು, ಅದೂ ಉದ್ದಕ್ಕೆ ಮೇಲೆ ಕೆಳಗೆ ಚಾಚಿಕೊಂಡಿತ್ತು. ತೋಟಾ ಬದಲಿಸುವ ಮುನ್ನ ನೋಡಬೇಕಾದದ್ದು ಸ್ಟಾಕ್. ಮಡಚಿದ ನೋಟನ್ನು ನಳಿಗೆಗೂ ಸ್ಟಾಕಿಗೂ ನಡುವೆ ಎಳೆದರೆ ಸಲೀಸಾಗಿ ಸರಿಯಿತು. ಮುಂತುದಿಯನ್ನು ಮರಳು ಚೀಲದ ಮೇಲೆ ಇಟ್ಟು ಒತ್ತಿದಾಗ ಮಾತ್ರ ಸಿಕ್ಕಿಕೊಂಡಿತು. ಈ ಬೆಲೆಯ ಪ್ಲಾಸ್ಟಿಕ್ ಸ್ಟಾಕ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಬಾಗು ಅದು. ಚೀಲವನ್ನು ಹಿಂದಕ್ಕೆ, ಮ್ಯಾಗಜೀನ್‌ಗೆ ಹತ್ತಿರ ಸರಿಸಿ, ಮೂರು ಗುಂಡಿಗೊಮ್ಮೆ ಬೋಲ್ಟ್ ತೆರೆದಿಟ್ಟು ಹತ್ತು ನಿಮಿಷ ನಳಿಗೆ ಆರಲು ಬಿಟ್ಟ ಮೇಲೆ ಗ್ರೂಪ್ ಒಂದೂಕಾಲು ಇಂಚಿಗೆ ಇಳಿಯಿತು. ತೆಳು ನಳಿಗೆ ಕಾದರೆ ಗುಂಡು ಬೀಳುವ ಜಾಗ ನಿಧಾನವಾಗಿ ಸರಿಯುತ್ತಾ ಹೋಗುತ್ತದೆ.

100 ಗಜಕ್ಕೆ ಝೀರೋ ಮಾಡಿದ 6.5ರ ಗುಂಡು 200ರಲ್ಲಿ ಸುಮಾರು ಮೂರೂವರೆ ಇಂಚು, 300ರಲ್ಲಿ ಸುಮಾರು 12 ಇಂಚು ಇಳಿಯುತ್ತದೆ. ಜಿಂಕೆಯ ಎದೆಯ ಮರ್ಮಭಾಗ ಅಂದಾಜು 8 ಇಂಚು ಅಗಲ. ಅದರ ನಡುವಿಗೆ ಗುರಿಯಿಟ್ಟರೆ 200ರವರೆಗೆ ಏನನ್ನೂ ತಿರುಗಿಸಬೇಕಾಗಿಲ್ಲ, ಆದರೆ ತಪ್ಪಿಗೆ ಉಳಿಯುವ ಜಾಗ ಅರ್ಧ ಇಂಚು. ಅಲ್ಲಿ ಸ್ವಲ್ಪ ಮೇಲೆ ಹಿಡಿಯುವುದೇ ಲೇಸು. ತಪ್ಪಿದ ಗುಂಡಿಗೆ ಪ್ರಾಣಿ ಸಾಯುವುದಿಲ್ಲ, ಗಾಯಗೊಂಡು ಪೊದೆ ಸೇರಿ ಗಂಟೆಗಟ್ಟಲೆ ನರಳುತ್ತದೆ. ಅದಕ್ಕೇ 300 ಗಜ ಈ ರೈಫಲ್‌ನ ಮಿತಿಯಾಚೆ ಎಂದು ಬರೆದಿಟ್ಟಿದೆ.

ಈವರೆಗೆ ಮುಗಿದದ್ದು ಎರಡು ಡಬ್ಬಿ, 40 ತೋಟಾ. ರಿಂಗಿನ ಪ್ರತಿ ಸ್ಕ್ರೂ ತಲೆಯಿಂದ ರಿಂಗಿನವರೆಗೆ ಬಿಳಿ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆದಿದೆ. ಗೆರೆ ತುಂಡಾಗಿದ್ದರೆ ಸ್ಕ್ರೂ ತಿರುಗಿದೆ ಎಂದರ್ಥ. ಮುಂದಿನ ಸಲ 200 ಗಜದಲ್ಲಿ, ತಣ್ಣಗಿರುವ ನಳಿಗೆಯಿಂದ ಬರುವ ಮೊದಲ ಗುಂಡು ಎಲ್ಲಿ ಬೀಳುತ್ತದೆ ಎಂದು ನೋಡುವುದು.