ಹಶಿಮೊಟೊ ಅವರನ್ನು ಇಷ್ಟೊಂದು ಜನ ನೋಡುವುದೇಕೆ?

ನಾನು ಜಿಮ್ನಾಸ್ಟಿಕ್ಸ್ ಹುಚ್ಚಿನವನೆಂದು ಬಲ್ಲವರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಈ ಕ್ರೀಡೆಯ ಗಂಧವೂ ಇಲ್ಲದವರು ಜಪಾನಿನ ದೈಕಿ ಹಶಿಮೊಟೊ ಅವರ ವಿಡಿಯೊಗಳಿಗೆ ಮುಗಿಬೀಳುವುದೇಕೆ? ಚೆಲುವೇ ಕಾರಣ ಎನ್ನುವವರಿದ್ದಾರೆ. ನಾನು ಹೈ ಬಾರ್ ಎನ್ನುತ್ತೇನೆ.

ನೆಲದಿಂದ 2.8 ಮೀಟರ್ ಎತ್ತರದಲ್ಲಿ ಒಂದೇ ಒಂದು ಉಕ್ಕಿನ ಸರಳು. ಗರಗರನೆ ಸುತ್ತುತ್ತಿರುವ ದೇಹ ಅದನ್ನು ಬಿಟ್ಟು ಮೇಲಕ್ಕೆ ಚಿಮ್ಮಿ, ಮತ್ತೆ ಅದೇ ಸರಳನ್ನು ಹಿಡಿಯುತ್ತದೆ. ಕೊನೆಗೆ ಗಾಳಿಯಲ್ಲಿ ತಿರುಗಿ ಕೆಳಗಿಳಿದಾಗ ಪಾದ ಕದಲಿತೋ ಇಲ್ಲವೋ ಎಂಬುದು ಮಗುವಿಗೂ ಕಾಣುತ್ತದೆ. ಎಲ್ಲವೂ ಸುಮಾರು ಒಂದು ನಿಮಿಷದ ಆಟ, ಮೊಬೈಲ್ ಪರದೆಗೆಂದೇ ಹೇಳಿ ಮಾಡಿಸಿದ್ದು. ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ, ಆಲ್‌ರೌಂಡ್‌ನಲ್ಲಿ (ಆರೂ ಸಾಧನಗಳ ಅಂಕ ಕೂಡಿಸುವ ಸ್ಪರ್ಧೆ) ಎರಡು ಬಾರಿಯ ಒಲಿಂಪಿಕ್ ಚಾಂಪಿಯನ್ ಆಗಿದ್ದ ಜಪಾನಿನ ಕೊಹೆಯಿ ಉಚಿಮುರಾ ಇದೇ ಸರಳಿನಿಂದ ಕೈಜಾರಿ ಬಿದ್ದಿದ್ದರು. ಅದೇ ಕೂಟದಲ್ಲಿ 19 ವರ್ಷದ ಹಶಿಮೊಟೊ ಆಲ್‌ರೌಂಡ್ ಮತ್ತು ಹೈ ಬಾರ್ ಎರಡರಲ್ಲೂ ಚಿನ್ನ ಗೆದ್ದಾಗ, ಉತ್ತರಾಧಿಕಾರಿ ಸಿಕ್ಕನೆಂದು ಜಪಾನಿಗರು ಸಂಭ್ರಮಿಸಿದ್ದು ಸಹಜವೇ.

ಆದರೆ ತುಣುಕು ನೋಡಿ ಮೆಚ್ಚುವ ಕಣ್ಣೇ ತುಣುಕು ನೋಡಿ ಬೈಯಲೂ ಬಲ್ಲದು. 2021ರ ಜುಲೈ 28ರ ಆಲ್‌ರೌಂಡ್ ಫೈನಲ್‌ನಲ್ಲಿ ವಾಲ್ಟ್ (ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವ ವಿಭಾಗ) ಮುಗಿಸಿ ಇಳಿದಾಗ ಹಶಿಮೊಟೊ ಅವರ ಒಂದು ಕಾಲು ಮ್ಯಾಟಿನಿಂದ ಆಚೆ ಹೋಯಿತು, ಆದರೂ 14.700 ಅಂಕ ಬಂದಿತು. ಬೆಳ್ಳಿ ಗೆದ್ದ ಚೀನಾದ ಷಿಯಾವ್ ರುವೊಟೆಂಗ್ ಅವರ ಅಭಿಮಾನಿಗಳು ಆ ಹೆಜ್ಜೆಯ ಚಿತ್ರವನ್ನು ಹಿಡಿದುಕೊಂಡು, ತೀರ್ಪುಗಾರರನ್ನಷ್ಟೇ ಅಲ್ಲದೆ ಹಶಿಮೊಟೊ ಅವರನ್ನೂ ನೇರ ಸಂದೇಶಗಳಲ್ಲಿ ನಿಂದಿಸಿದರು. ಮ್ಯಾಟಿನಿಂದ ಒಂದು ಕಾಲು ಹೊರಗಿಟ್ಟರೆ ಕಳೆಯುವುದು 0.1 ಮಾತ್ರ, ಉಳಿದ ಲೆಕ್ಕವೆಲ್ಲ ಹಾರಾಟದ ಎತ್ತರ, ಮಂಡಿಯ ಬಾಗು, ಕಾಲುಗಳ ಜೋಡಣೆಯಂತಹ, ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುವ ಸಂಗತಿಗಳದ್ದು. ಕೊನೆಗೆ ಅಂತರರಾಷ್ಟ್ರೀಯ ಒಕ್ಕೂಟವೇ ಅಂಕ ಸರಿಯಾಗಿದೆಯೆಂದು ವಿವರಣೆ ಕೊಡಬೇಕಾಯಿತು. ಹೈ ಬಾರ್ ಮುಗಿಸಿ ತೀರ್ಪುಗಾರರಿಗೆ ವಂದಿಸದ ಷಿಯಾವ್‌ಗೆ 0.3 ಕಡಿತವಾಗಿದ್ದೂ ಸಿಟ್ಟಿಗೆ ಕಾರಣವಾಗಿತ್ತು; ಇಬ್ಬರ ನಡುವಿನ ಅಂತರ 0.4 ಇತ್ತೆಂಬುದನ್ನು ಸಿಟ್ಟಾದವರು ಕೂಡಿಸಿ ನೋಡಲಿಲ್ಲ. (ಎಲ್‌ಬಿಡಬ್ಲ್ಯು ತೀರ್ಪಿನ ಮರುದಿನ ನಮ್ಮ ಹೋಟೆಲುಗಳಲ್ಲಿ ನಡೆಯುವುದೂ ಇಂಥದ್ದೇ ಗಣಿತ.)

ಹಾಗಾಗಿ, ಅವರ ಯಾವ ವಿಡಿಯೊ ನೋಡಬೇಕೆಂದು ಕೇಳುವವರಿಗೆ ನಾನು ಹೇಳುವುದು ಚಿನ್ನದ ಪ್ರದರ್ಶನವನ್ನಲ್ಲ. 2024ರ ಪ್ಯಾರಿಸ್ ತಂಡ ಫೈನಲ್‌ನಲ್ಲಿ ಹಶಿಮೊಟೊ ಪಾಮೆಲ್ ಹಾರ್ಸ್‌ನಿಂದ (ಕೈಯೂರಿ ಕಾಲು ತಿರುಗಿಸುವ, ಹಿಡಿಕೆಗಳಿರುವ ಸಾಧನ) ಬಿದ್ದಿದ್ದರು. ಆದರೂ ಕೊನೆಯ ಸರದಿಯಲ್ಲಿ ಜಪಾನ್ ಚೀನಾವನ್ನು ಹಿಂದಿಕ್ಕುವ ಹಂತ ತಲುಪಿತ್ತು. ಅವರ ಹೈ ಬಾರ್ ಮುಗಿದು ಜಪಾನಿ ಬೆಂಬಲಿಗರು ಕೂಗಾಡುತ್ತಿದ್ದಾಗ, ಮುಂದಿನ ಸರದಿ ಚೀನಾದ ಝಾಂಗ್ ಬೊಹೆಂಗ್ ಅವರದಾಗಿತ್ತು. ಹಶಿಮೊಟೊ ಗ್ಯಾಲರಿಯತ್ತ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿರೆಂದು ಸನ್ನೆ ಮಾಡಿದರು. ಕೆಲವೇ ಸೆಕೆಂಡುಗಳ ಆ ತುಣುಕನ್ನು ಚೀನಾದ ಜಾಲತಾಣಗಳಲ್ಲಿ ಜನ ಹಂಚಿಕೊಂಡು ಹೊಗಳಿದರು.