ವಾರ್ಷಿಕೋತ್ಸವಕ್ಕೆ ಟೈಲ್ಸ್ ಒಂದೇ ಸಾಕಾ?

ನಮ್ಮೂರಿನ ಚರ್ಚಿನ ವಾರ್ಷಿಕೋತ್ಸವದ ಬಗ್ಗೆ ಒಂದು ಮಾತು ಹೇಳಬೇಕು, ಅದಕ್ಕೂ ಮುಂಚೆ ದುಬೈ ಕಥೆ ಒಂದಿಷ್ಟು. 2022ರ ಜನವರಿಯಲ್ಲಿ ಯುಎಇ ತನ್ನ ವಾರದ ರಜೆ ಬದಲಿಸಿತು. ಅಲ್ಲಿತನಕ ಶುಕ್ರವಾರ, ಶನಿವಾರ ರಜೆ ಇತ್ತು. ಆಮೇಲೆ ಶನಿವಾರ, ರವಿವಾರ ಆಯಿತು. ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ ಕೆಲಸ. ಊರಲ್ಲಿ ಪೇಪರ್ ಓದಿದವರಿಗೆ ಇದು ಸಣ್ಣ ಸುದ್ದಿ. ದುಬೈನ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಯಲ್ಲಿ ಮಾತ್ರ ತಿಂಗಳುಗಟ್ಟಲೆ ವಾದ ನಡೆಯಿತು.

ಬೀದರ್ ಕಡೆಯಿಂದ ಬಂದ ನಮಗೆ ಆರಾಧನೆ ಅಂದ್ರೆ ರವಿವಾರ. ಇಲ್ಲಿಗೆ ಬಂದು ಕಷ್ಟಪಟ್ಟು ಶುಕ್ರವಾರಕ್ಕೆ ಒಗ್ಗಿಕೊಂಡಿದ್ದೆವು. ಈಗ ತಿರುಗಿ ರವಿವಾರ ಅಂದಾಗ ಎಲ್ಲರೂ ಕುಣಿದಾಡಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ಆಫೀಸಿನವರಿಗೆ ಅನುಕೂಲ ಆಯಿತು. ಮಾಲ್, ಹೋಟೆಲ್ ಕೆಲಸದವರಿಗೆ ರವಿವಾರವೇ ಗಿರಾಕಿ ಜಾಸ್ತಿ. ಸೋನಾಪುರದ ಲೇಬರ್ ಕ್ಯಾಂಪಿನಿಂದ ಬರುವ ಹುಡುಗರಿಗೆ ವಾರಕ್ಕೊಂದೇ ರಜೆ, ಅದು ಯಾವತ್ತು ಅಂತ ಹೇಳುವುದು ಅವರ ಕಂಪನಿ. ಶುಕ್ರವಾರ ಬಿಡಲೇಬಾರದು ಅಂತ ಗಟ್ಟಿಯಾಗಿ ಕೂತವರು ಯಾರು ಗೊತ್ತಾ? ಹತ್ತಿಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಬಂದು, ‘ಶುಕ್ರವಾರ ಎಂಥಾ ಆರಾಧನೆ’ ಅಂತ ಮೂಗು ಮುರಿದಿದ್ದ ಹಿರಿಯರೇ. ಕೊನೆಗೆ ಆರಾಧನೆ ರವಿವಾರ ಸಂಜೆಗೆ ಹೋಯಿತು. ಪ್ರಾರ್ಥನೆ ಕೂಟ ಶುಕ್ರವಾರಕ್ಕೇ ಉಳಿಯಿತು. ಹೋಟೆಲ್ ಕೆಲಸದ ಕೆಲವರು ನಮ್ಮಿಂದ ತಪ್ಪಿಹೋದರು, ಅದೂ ನಿಜ.

ನಮಗೆ ಇಲ್ಲಿ ಸ್ವಂತ ಕಟ್ಟಡ ಇಲ್ಲ. ಊದ್ ಮೇಥಾ ಕಡೆ ಒಂದೇ ಚರ್ಚ್ ಆವರಣದಲ್ಲಿ ಹತ್ತಾರು ಭಾಷೆಯ ಸಭೆಗಳು ಸರದಿ ಮೇಲೆ ಕೂಡುತ್ತವೆ. ನಮಗಿಂತ ಮುಂಚೆ ಮಲಯಾಳಿಗಳು, ನಂತರ ಫಿಲಿಪೀನ್ಸ್‌ನವರು. ಟೈಮ್ ಮುಗಿಯಿತು ಅಂದ್ರೆ ಮುಗಿಯಿತು. ಕೀಬೋರ್ಡಿನ ವೈರ್ ಸುತ್ತಿಕೊಂಡು, ಕಾಣಿಕೆ ಚೀಲ ಎತ್ತಿಕೊಂಡು ಹೊರಡಬೇಕು. ಹಾಗಾಗಿ ವಾರ್ಷಿಕೋತ್ಸವಕ್ಕೆ ಬಣ್ಣ ಬಳಿಯುವ ಗೋಡೆಯೇ ಇಲ್ಲ. ಅದರ ಬದಲು ಒಂದು ಪದ್ಧತಿ ಬೆಳೆದಿದೆ. ಆ ವರ್ಷ ವೀಸಾ ಮುಗಿದು ಊರಿಗೆ ಹೋದವರ ಹೆಸರು ಒಬ್ಬರು ಓದುತ್ತಾರೆ, ಹೊಸದಾಗಿ ಬಂದವರ ಹೆಸರು ಇನ್ನೊಬ್ಬರು. ಹೊಸಬರು ಎದ್ದು ನಿಂತು ಊರು ಹೇಳಬೇಕು: ಹುಮನಾಬಾದ್, ಭಾಲ್ಕಿ, ಶಹಾಪುರ, ಸೇಡಂ. ಆಮೇಲೆ, ಹೋದವರು ಬಿಟ್ಟ ಕೆಲಸ ಯಾರು ಹಿಡಿಯುತ್ತೀರಿ ಅಂತ ಅಲ್ಲೇ ಕೇಳುತ್ತಾರೆ. ಹೋದ ಸಲ ತಬಲಾ ಬಾರಿಸುವವರು ಹೋಗಿಬಿಟ್ಟಿದ್ದರು. ಇಲ್ಲೇ ಹುಟ್ಟಿದ, ಕನ್ನಡ ಓದಲು ಬಾರದ ಹುಡುಗಿಯೊಬ್ಬಳು ಕೈ ಎತ್ತಿದಳು. ಈಗ ನಮ್ಮ ಭಜನೆಗೆ ಅವಳದೇ ಠೇಕಾ. ಒಮ್ಮೊಮ್ಮೆ ಲಯ ಓಡುತ್ತದೆ, ನಾವೂ ಅವಳ ಹಿಂದೆ ಓಡುತ್ತೇವೆ.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ಭಾಲ್ಕಿ ತಾಲ್ಲೂಕಿನ ನಮ್ಮೂರಿನ ಮೆಥಡಿಸ್ಟ್ ಸಭೆಗೂ ವಾರ್ಷಿಕೋತ್ಸವ ಬಂದಿದೆ. ಕಾಕಾ ಕಮಿಟಿಯಲ್ಲಿದ್ದಾರೆ. ಟೈಲ್ಸ್, ಹೊಸ ಗೇಟು, ದಾನಿಗಳ ಹೆಸರಿನ ಕಲ್ಲು, ಹಿರಿಯರಿಗೆ ಶಾಲು, ಪ್ರೀತಿ ಭೋಜನ. ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಎಂವೈಎಫ್ (ಸಭೆಯ ಯುವಜನರ ಕೂಟ) ಹುಡುಗರು ಒಂದು ಆರಾಧನೆ ನಾವೇ ನಡೆಸುತ್ತೇವೆ ಅಂದರಂತೆ. ‘ಹಿರಿಯರ ಕಾಲದಿಂದ ಹಿಂಗೇ ನಡ್ದದ’ ಅನ್ನುವ ಉತ್ತರ ಸಿಕ್ಕಿದೆ.

ಯಾವ ಕಾಲದಿಂದ? ನಮ್ಮ ಮುತ್ತಜ್ಜನ ಕಾಲದಲ್ಲಿ ಸಭೆ ಅಮೆರಿಕದ ಮಿಷನರಿಗಳ ಕೈಯಲ್ಲಿತ್ತು. ಊರು ನಿಜಾಮರದ್ದು, ಸರ್ಕಾರಿ ಕಾಗದವೆಲ್ಲ ಉರ್ದು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆ ಸ್ವಂತ ಆಡಳಿತ ಪಡೆಯಿತು. ನಾನು ಚಿಕ್ಕವನಿದ್ದಾಗ ಎಲ್ಲರೂ ಜಮಖಾನದ ಮೇಲೆ ಕೂಡುತ್ತಿದ್ದೆವು, ಈಗ ಪ್ಲಾಸ್ಟಿಕ್ ಕುರ್ಚಿ. ಪಾಸ್ಟರ್ ಅಯ್ಯನವರನ್ನೂ ಬಿಷಪ್‌ರು ಕಾನ್ಫರೆನ್ಸ್‌ನಲ್ಲಿ, ಅಂದ್ರೆ ಸಭೆಗಳೆಲ್ಲ ಸೇರುವ ಕೂಟದಲ್ಲಿ, ಹೆಸರು ಓದಿ ಬೇರೆ ಊರಿಗೆ ಕಳಿಸುತ್ತಾರೆ. ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಹುಡುಗರು ಮೈಕ್ ಹಿಡಿದರೆ ಮಾತ್ರ ಹಿರಿಯರ ಕಾಲ ನೆನಪಾಗುತ್ತದೆ!

ಟೈಲ್ಸ್ ಬೇಡ ಅಂತಲ್ಲ. ಮಳೆಗಾಲದಲ್ಲಿ ಆ ನೆಲ ಹೇಗಿರುತ್ತದೆ ಅಂತ ನನಗೂ ಗೊತ್ತು. ಆದರೆ ನಮ್ಮೂರಿನ ಅರ್ಧ ಯುವಕರು ಹೈದರಾಬಾದ್, ಪುಣೆ, ಬೆಂಗಳೂರಲ್ಲಿದ್ದಾರೆ. ಉಳಿದವರನ್ನೂ ಹಿಂದಿನ ಸಾಲಲ್ಲಿ ಸುಮ್ನೆ ಕೂರಿಸಿದರೆ ಆ ಟೈಲ್ಸ್ ಮೇಲೆ ನಡೆಯುವವರು ಯಾರು? ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ಅಡುಗೆಯಿಂದ ಚಂದಾ ಎತ್ತುವತನಕ ಎಲ್ಲ ಅವರೇ ಮಾಡುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಒಬ್ಬರ ಹೆಸರೂ ಇಲ್ಲ.

ಇದನ್ನೆಲ್ಲ ಕಾಕಾಗೆ ಫೋನಿನಲ್ಲೇ ಹೇಳಿದೆ. ದಾನಿಗಳ ಕಲ್ಲಿನಲ್ಲಿ ನನ್ನ ಹೆಸರು ಬೇಡ, ಆ ರೊಕ್ಕದಲ್ಲಿ ಹುಡುಗರಿಗೆ ಒಂದು ಒಳ್ಳೆ ತಬಲಾ ಜೋಡಿ ಕೊಡಿಸಿ, ಒಂದು ರವಿವಾರ ಅವರಿಗೇ ಬಿಡಿ ಅಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಕಮಿಟಿಯಾಗ ಮಾತಾಡಿ ನೋಡ್ತೀನಿ ತಮ್ಮಾ. ಖರೆ, ಟೈಲ್ಸಿನ ರೊಕ್ಕ ಮೊದಲ ಹಾಕು, ಅಂಗಡಿಯವ ದಿನಾ ಫೋನ್ ಮಾಡ್ಲತ್ತಾನ.”